ಓಣಿಯ ಚರಂಡಿಯನ್ನು ಪುರಸಭೆಯ ಕ್ರಿಯಾ ಯೋಜನೆಗೆ ಸೇರಿಸುವುದು ಹೇಗೆ?

ಕರಾವಳಿಯ ಸಣ್ಣ ಪಟ್ಟಣಗಳಲ್ಲಿ ಜನರಿಗೆ ಚರಂಡಿಯ ನೆನಪಾಗುವುದು ಜೂನ್ ತಿಂಗಳಲ್ಲಿ, ಮೊದಲ ಜೋರು ಮಳೆಗೆ ರಸ್ತೆಯ ಕೆಂಪು ನೀರು ಅಂಗಳಕ್ಕೆ ಇಳಿದಾಗ. ಆಗ ಬರೆದ ಅರ್ಜಿಗೆ ಪುರಸಭೆಯಿಂದ ಸಿಗುವುದು ಹೆಚ್ಚೆಂದರೆ ಇಬ್ಬರು ಕೆಲಸಗಾರರು, ಒಂದು ಹಾರೆ ಮತ್ತು ಒಂದು ಬುಟ್ಟಿ. ಅವರು ಹೂಳೆತ್ತಿ ಬದಿಯಲ್ಲಿ ರಾಶಿ ಹಾಕಿ ಹೋಗುತ್ತಾರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಆ ರಾಶಿ ಮತ್ತೆ ಚರಂಡಿಗೇ ಇಳಿಯುತ್ತದೆ. ಇದಕ್ಕೆ ಅಧಿಕಾರಿಗಳನ್ನು ಬೈದು ಪ್ರಯೋಜನವಿಲ್ಲ. ಹೊಸ ಚರಂಡಿ ಕಟ್ಟುವುದು ದುರಸ್ತಿಯಲ್ಲ, ಅದೊಂದು ಕಾಮಗಾರಿ. ಕಾಮಗಾರಿಯ ಹೆಸರು ವರ್ಷದ ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡಬೇಕಾದ ಕಾಮಗಾರಿಗಳ ಪಟ್ಟಿಯಲ್ಲಿ, ಇಲ್ಲದಿದ್ದರೆ ಅದಕ್ಕೆ ಹಣವಿಲ್ಲ. ಉಡುಪಿ ಜಿಲ್ಲೆಯ ಒಂದು ಪುರಸಭೆಯ ವ್ಯಾಪ್ತಿಯಲ್ಲಿರುವ ನಮ್ಮ ಓಣಿಯ ಹನ್ನೊಂದು ಮನೆಯವರು ಇಷ್ಟನ್ನು ತಿಳಿದುಕೊಳ್ಳುವುದಕ್ಕೆ ಎರಡು ಮಳೆಗಾಲಗಳನ್ನು ಕಳೆದೆವು. ಮೂರನೆಯ ವರ್ಷ ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಚರಂಡಿಗೆ ಹೇಳಿದ್ದು ಬಹುಮಟ್ಟಿಗೆ ರಸ್ತೆಗೂ ಮೋರಿಗೂ ಅನ್ವಯಿಸುತ್ತದೆ.

ಮೊದಲು ದಾರಿ ಯಾರದೆಂದು ತಿಳಿಯಿರಿ

ಅರ್ಜಿ ಬರೆಯುವ ಮೊದಲು ಮಾಡಬೇಕಾದ ಕೆಲಸ ಇದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಕೆಲಸವೂ ಇದೇ. ಪಟ್ಟಣದೊಳಗಿನ ಎಲ್ಲ ರಸ್ತೆಗಳೂ ಪುರಸಭೆಗೆ ಸೇರಿದವಲ್ಲ. ರಾಷ್ಟ್ರೀಯ ಹೆದ್ದಾರಿ 66 ಮತ್ತು ಅದರ ಸರ್ವಿಸ್ ರಸ್ತೆಯ ಚರಂಡಿ ಹೆದ್ದಾರಿ ಪ್ರಾಧಿಕಾರದ್ದು. ಅದರ ಬಗೆಗಿನ ದೂರನ್ನು 1033 ಸಂಖ್ಯೆಗೆ ಕೊಡಬಹುದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ದಾರಿದೀಪದ ವಿಷಯದಲ್ಲಿಯೂ ಇಂಥದೇ ಗೊಂದಲವಿದೆ: ಸಾಮಾನ್ಯವಾಗಿ ಕಂಬ ಮತ್ತು ತಂತಿ ವಿದ್ಯುತ್ ಕಂಪನಿ ಮೆಸ್ಕಾಂನವು, ಅದರ ಮೇಲಿನ ದೀಪ ಪುರಸಭೆಯದು. ತಂತಿ ಜೋತುಬಿದ್ದರೆ 1912ಕ್ಕೆ ಕರೆ ಮಾಡಬೇಕು. ದೀಪ ಉರಿಯದಿದ್ದರೆ ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನು ಪುರಸಭೆಗೆ ತಿಳಿಸಬೇಕು.

ನಮ್ಮ ಭಾಗದಲ್ಲಿ ನಿಜವಾದ ತೊಡಕು ಇರುವುದು ಓಣಿಗಳಲ್ಲಿ. ಇಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಕಾಲದ ಗದ್ದೆ, ತೋಟಗಳು ಪಾಲಾಗಿ, ಮಾರಾಟವಾಗಿ, ಗದ್ದೆಯ ಬದುವೇ ಕಾಲುದಾರಿಯಾಗಿ, ಕಾಲುದಾರಿ ರಿಕ್ಷಾ ಹೋಗುವಷ್ಟು ಅಗಲವಾಗಿ ಇಂದಿನ ರಸ್ತೆಯಾಗಿದೆ. ಐವತ್ತು ವರ್ಷಗಳಿಂದ ಊರೇ ಓಡಾಡಿದ ದಾರಿ ದಾಖಲೆಯಲ್ಲಿ ಇನ್ನೂ ಯಾರದೋ ಅಜ್ಜನ ಹೆಸರಿನಲ್ಲಿರುತ್ತದೆ. ಖಾಸಗಿ ಜಾಗದಲ್ಲಿ ಸಾರ್ವಜನಿಕ ಹಣ ಖರ್ಚು ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದರಿಂದ, ಎಂಜಿನಿಯರ್ ಎಷ್ಟೇ ಒಳ್ಳೆಯವರಾದರೂ ಅಂಥ ದಾರಿಯ ಕಡತವನ್ನು ಮುಂದಕ್ಕೆ ಕಳಿಸಲಾರರು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತಲ್ಲಿಯೇ ಸರ್ವೆ ನಂಬರ್ ತೋರುತ್ತದೆ. ಆ ನಂಬರಿನ ಪಹಣಿಯನ್ನು ತೆಗೆಸಿ ನೋಡಿ. ದಾರಿ ಪರಂಬೋಕು (ಸರಕಾರಿ ಜಾಗ) ಆಗಿದ್ದರೆ ಅಥವಾ ಪುರಸಭೆಯ ರಸ್ತೆ ಪಟ್ಟಿಯಲ್ಲಿದ್ದರೆ ಸಮಸ್ಯೆಯಿಲ್ಲ. ಖಾಸಗಿಯಾಗಿದ್ದರೆ ಜಾಗದ ಒಡೆಯರು ಅಷ್ಟು ಭಾಗವನ್ನು ಪುರಸಭೆಗೆ ಬರವಣಿಗೆಯಲ್ಲಿ ಬಿಟ್ಟುಕೊಡಬೇಕಾಗುತ್ತದೆ. ಈ ಮಾತುಕತೆಗೆ ಓಣಿಯಲ್ಲಿ ಎಲ್ಲರಿಗೂ ಬೇಕಾದ ಹಿರಿಯರೊಬ್ಬರನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಈ ಒಂದು ಸಹಿಗೆ ಹಿಡಿದ ಸಮಯ, ಮುಂದೆ ಪುರಸಭೆ ತೆಗೆದುಕೊಂಡ ಒಟ್ಟು ಸಮಯಕ್ಕಿಂತ ಹೆಚ್ಚು.

ಮಳೆಯಲ್ಲಿ ದಾಖಲೆ, ದೀಪಾವಳಿಯ ಹೊತ್ತಿಗೆ ಅರ್ಜಿ

ಜುಲೈ ತಿಂಗಳು ಅರ್ಜಿಗಿಂತ ದಾಖಲೆಗೆ ತಕ್ಕ ಕಾಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಕೊಡೆ ಹಿಡಿದು ನಿಂತು ಫೋಟೊ ಮತ್ತು ವಿಡಿಯೊ ತೆಗೆಯಿರಿ. ಮೊಣಕಾಲಿನವರೆಗೆ ನೀರಿರುವ ಒಂದು ಫೋಟೊ, ಡಿಸೆಂಬರ್‌ನ ಬಿಸಿಲಿನಲ್ಲಿ ಒಣಗಿದ ಓಣಿಯನ್ನು ನೋಡಲು ಬಂದ ಎಂಜಿನಿಯರ್‌ಗೆ ನಿಮ್ಮ ಹತ್ತು ವಾಕ್ಯಗಳಿಗಿಂತ ಹೆಚ್ಚು ಹೇಳುತ್ತದೆ.

ಅದಕ್ಕಿಂತ ಮುಖ್ಯವಾದುದು ನೀರಿನ ಕೊನೆ. ನಮ್ಮ ಓಣಿಗೆ ಮೊದಲ ಸಲ ಬಂದ ಕಿರಿಯ ಎಂಜಿನಿಯರ್ ಟೇಪನ್ನು ಹೊರಗೆ ತೆಗೆಯಲೇ ಇಲ್ಲ. ಓಣಿಯ ತುದಿಯವರೆಗೆ ನಡೆದು ಹೋಗಿ, ಅಲ್ಲಿನ ಕೆಂಪುಕಲ್ಲಿನ ಪಾಗಾರವನ್ನೊಮ್ಮೆ ನೋಡಿ, "ಚರಂಡಿ ಮಾಡುವ, ಆದರೆ ನೀರನ್ನು ಎಲ್ಲಿಗೆ ಬಿಡುವುದು ಮಾರಾಯ್ರೇ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದೆ ಆ ಜಾಗದಲ್ಲಿ ಬೈಲಿಗೆ ಹೋಗುವ ತೋಡು (ಸಣ್ಣ ಹಳ್ಳ) ಇತ್ತೆಂದೂ ಪಾಗಾರ ಕಟ್ಟುವಾಗ ಅದು ಮುಚ್ಚಿಹೋಯಿತೆಂದೂ ಪಕ್ಕದ ಮನೆಯ ಅಜ್ಜಿ ಹೇಳಿದರು. ಸರ್ವೆ ನಕ್ಷೆ ತೆಗೆಸಿದಾಗ ಅಲ್ಲಿ ತೋಡು ಪರಂಬೋಕು ಎಂದೇ ಇತ್ತು. ಚರಂಡಿಯನ್ನು ತೋಡಿಗೋ ಹೊಳೆಗೋ ದೊಡ್ಡ ಚರಂಡಿಗೋ ಮುಟ್ಟಿಸದೆ ಕಟ್ಟಿದರೆ, ನಿಮ್ಮ ಮನೆಯ ನೀರು ಕೆಳಗಿನ ಮನೆಯ ಬಾವಿಗೆ ಹೋಗುತ್ತದೆಯೇ ಹೊರತು ಊರಿನಿಂದ ಹೊರಗೆ ಹೋಗುವುದಿಲ್ಲ. ಆದ್ದರಿಂದ ನೀರು ಸೇರುವ ಜಾಗವನ್ನು ಗುರುತಿಸಿ, ಅಲ್ಲಿಯವರೆಗಿನ ಉದ್ದವನ್ನು ಮೀಟರ್ ಲೆಕ್ಕದಲ್ಲಿ ಅಳೆದು, ಒಂದು ಹಾಳೆಯಲ್ಲಿ ಕೈನಕ್ಷೆ ಬರೆದಿಟ್ಟುಕೊಳ್ಳಿ.

ಅರ್ಜಿಯನ್ನು ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ ಕೊಡುವುದು ಸೂಕ್ತ. ಮುಂದಿನ ವರ್ಷದ ಆಯವ್ಯಯಕ್ಕಾಗಿ ಸ್ಥಳೀಯ ಸಂಸ್ಥೆಗಳು ಸಾರ್ವಜನಿಕರ ಸಲಹಾ ಸಭೆಗಳನ್ನು ಕರೆಯುವುದು ಹೆಚ್ಚಾಗಿ ಆ ಸುಮಾರಿಗೆ. ಅದರ ಪ್ರಕಟಣೆ ಪುರಸಭೆಯ ಸೂಚನಾ ಫಲಕದಲ್ಲಿಯೂ ಪತ್ರಿಕೆಯ ಒಳಪುಟದ ಮೂಲೆಯಲ್ಲಿಯೂ ಇರುತ್ತದೆ. ಈ ಸಭೆಗಳಲ್ಲಿ ಕುರ್ಚಿಗಳು ಖಾಲಿಯಾಗಿರುವುದನ್ನು ನಾನು ಕಂಡಿದ್ದೇನೆ. ಅದು ಬೇಸರದ ಸಂಗತಿಯೇ ಆದರೂ, ಹೋದವರ ಮಾತು ಕೇಳಿಸುವುದಕ್ಕೆ ಅನುಕೂಲ.

ಅರ್ಜಿಯಲ್ಲಿ ಏನಿರಬೇಕು?

ಪುರಸಭೆ ಮತ್ತು ಪಟ್ಟಣ ಪಂಚಾಯತ್ ಆಗಿದ್ದರೆ ಮುಖ್ಯಾಧಿಕಾರಿಗೆ, ನಗರಸಭೆಯಾಗಿದ್ದರೆ ಪೌರಾಯುಕ್ತರಿಗೆ ಅರ್ಜಿಯನ್ನು ಬರೆಯಬೇಕು. ಒಂದು ಪ್ರತಿಯನ್ನು ವಾರ್ಡಿನ ಸದಸ್ಯರಿಗೆ ಕೊಡಬೇಕು. ಕಾರ್ಕಳ, ಕುಂದಾಪುರ ಪುರಸಭೆಗಳಲ್ಲಿ ತಲಾ 23 ವಾರ್ಡುಗಳಿವೆ, ಉಡುಪಿ ನಗರಸಭೆಯಲ್ಲಿ 35. ಒಂದು ವಾರ್ಡಿನ ಪಾಲಿಗೆ ಬರುವ ಹಣ ಎಷ್ಟು ಸಣ್ಣದೆಂಬುದನ್ನು ಇದರಿಂದಲೇ ಊಹಿಸಬಹುದು, ಮತ್ತು ಆ ಪಾಲಿನಲ್ಲಿ ಯಾವ ಓಣಿ ಮೊದಲು ಎಂಬುದನ್ನು ಬಹುತೇಕ ಸದಸ್ಯರೇ ಸೂಚಿಸುತ್ತಾರೆ. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಅದರ ಅಧಿಕಾರವನ್ನು ಆಡಳಿತಾಧಿಕಾರಿ ಚಲಾಯಿಸುವುದರಿಂದ ಪ್ರತಿಯನ್ನು ಅವರಿಗೆ ಕೊಡಿ. ಮೂರು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿರುವುದರಿಂದ ಮಂಗಳೂರಿನವರಿಗೆ ಆ ಬಾಗಿಲೂ ಇದೆ. ಸಣ್ಣ ಪಟ್ಟಣದವರಿಗೆ ಸದಸ್ಯರ ಮನೆಯ ಜಗಲಿಯೇ ಗತಿ.

ಅರ್ಜಿ ಒಂದು ಪುಟವನ್ನು ಮೀರಬಾರದು. "ನಮ್ಮ ಓಣಿಯ ಸಮಸ್ಯೆಗಳನ್ನು ಬಗೆಹರಿಸಿಕೊಡಬೇಕು" ಎಂದು ಬರೆದರೆ ಅದು ಯಾವ ಕಡತಕ್ಕೂ ಸೇರುವುದಿಲ್ಲ. ಬದಲಾಗಿ, ವಾರ್ಡ್ ಸಂಖ್ಯೆ, ಕೆಲಸ ಎಲ್ಲಿಂದ ಎಲ್ಲಿಯವರೆಗೆ, ಉದ್ದ ಎಷ್ಟು ಮೀಟರ್, ಎಷ್ಟು ಮನೆಗಳಿಗೆ ಅನುಕೂಲ, ನೀರು ಸೇರುವುದು ಯಾವ ತೋಡಿಗೆ, ಜಾಗದ ಸರ್ವೆ ನಂಬರ್ ಯಾವುದು ಎಂಬುದನ್ನು ಬರೆದು, "ಈ ಕಾಮಗಾರಿಯನ್ನು ಮುಂದಿನ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಬೇಕು" ಎಂಬ ಒಂದೇ ಬೇಡಿಕೆಯಿಡಿ. ದೀಪ, ಕಸ, ಬೀದಿನಾಯಿಗಳ ದೂರನ್ನು ಇದರೊಂದಿಗೆ ಬೆರೆಸಬೇಡಿ. ಅವು ಬೇರೆ ಬೇರೆ ಮೇಜಿನ ಕೆಲಸಗಳು, ಅವಕ್ಕೆ ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್ ಸಾಕು. ಎಲ್ಲ ಮನೆಯವರ ಸಹಿ, ಫೋಟೊ, ಕೈನಕ್ಷೆ ಮತ್ತು ಪಹಣಿಯ ಪ್ರತಿಯನ್ನು ಲಗತ್ತಿಸಿ. ಸಹಿ ಮಾಡಿದ ಮನೆಗಳ ಆಸ್ತಿ ತೆರಿಗೆ ಬಾಕಿ ಇಲ್ಲದಂತೆ ನೋಡಿಕೊಳ್ಳಿ. ಇದು ಕಾನೂನಿನ ಷರತ್ತಲ್ಲ, ಆದರೆ ತೆರಿಗೆ ಬಾಕಿಯವರು ಚರಂಡಿ ಕೇಳಲು ಬಂದಿದ್ದಾರೆಂದು ಯಾರಾದರೂ ಅಂದರೆ ಎದುರು ಮಾತು ಇರುವುದಿಲ್ಲ.

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಹಾಕಿಸಿಕೊಂಡೇ ಹೊರಡಿ. ನಮ್ಮ ಮೊದಲ ವರ್ಷದ ಅರ್ಜಿಯನ್ನು ಪರಿಚಯದ ಸಿಬ್ಬಂದಿಯೊಬ್ಬರ ಕೈಗೆ ಕೊಟ್ಟು ಬಂದಿದ್ದೆವು. ಅವರಿಗೆ ವರ್ಗವಾಯಿತು, ಅರ್ಜಿ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗಲಿಲ್ಲ.

ಹಣ ಎಲ್ಲಿಂದ ಬರಬೇಕು?

ಪುರಸಭೆಯ ಸ್ವಂತ ನಿಧಿ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ನಗರೋತ್ಥಾನದಂಥ ವಿಶೇಷ ಯೋಜನೆ ಎಂದು ಮುಖ್ಯವಾಗಿ ನಾಲ್ಕು ಚೀಲಗಳಿವೆ. ಇದರ ಅರಿವು ಏಕೆ ಬೇಕೆಂದರೆ, ಪ್ರತಿಯೊಂದು ಚೀಲದ ಬಾಯಿಗೂ ಒಂದೊಂದು ಗಂಟಿದೆ. 15ನೇ ಹಣಕಾಸು ಆಯೋಗ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ 60 ಶೇಕಡ ಭಾಗವನ್ನು ಕುಡಿಯುವ ನೀರು, ಮಳೆನೀರು ಕೊಯ್ಲು, ನೈರ್ಮಲ್ಯ ಮತ್ತು ಕಸ ವಿಲೇವಾರಿಗೇ ಮೀಸಲಿಟ್ಟಿತ್ತು. ಅನುದಾನದಲ್ಲಿ 24.10 ಶೇಕಡ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, 7.25 ಶೇಕಡ ಇತರ ಬಡವರಿಗೆ, 5 ಶೇಕಡ ಅಂಗವಿಕಲರಿಗೆ ಮೀಸಲು. ನಿಮ್ಮ ಓಣಿಯಲ್ಲಿ ಪರಿಶಿಷ್ಟರ ಮನೆಗಳು ಹೆಚ್ಚಿದ್ದರೆ ಅದನ್ನು ಅರ್ಜಿಯಲ್ಲಿ ತಿಳಿಸುವುದು ಅವಶ್ಯ. "ಹಣ ಇಲ್ಲ" ಎಂಬ ಉತ್ತರ ಬಂದಾಗ "ಯಾವ ಅನುದಾನದಲ್ಲಿ ಇಲ್ಲ?" ಎಂದು ಮರುಪ್ರಶ್ನೆ ಹಾಕುವಷ್ಟು ತಿಳಿವಳಿಕೆ ಇದ್ದರೆ ಸಾಕು.

ಕ್ರಿಯಾ ಯೋಜನೆಗೆ ಕಾಮಗಾರಿಯ ಹೆಸರು ಸೇರಿದ ಮೇಲೆ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂದು ಕಡತ ಸಾಗುತ್ತದೆ. ಕ್ರಿಯಾ ಯೋಜನೆಯು ಜಿಲ್ಲಾಡಳಿತದ ಮಟ್ಟದಲ್ಲಿ ಅನುಮೋದನೆಯಾಗಬೇಕು. ಇಲ್ಲಿ ತಿಂಗಳಿಗೊಮ್ಮೆ ವಿಚಾರಿಸುವುದನ್ನು ಬಿಟ್ಟು ನಿಮಗೆ ಕೆಲಸವಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿಡಿ: ಇದೇ ಓಣಿಯಲ್ಲಿ ನೀರಿನ ಪೈಪು ಅಥವಾ ಒಳಚರಂಡಿ ಹಾಕುವ ಯೋಜನೆ ಇದೆಯೇ? ಕಾಂಕ್ರೀಟು ಹಾಕಿದ ಮೇಲೆ ಅಗೆಯುವುದು ನಮ್ಮ ಊರುಗಳಿಗೆ ಹೊಸದೇನಲ್ಲ.

ಕೆಲಸದ ದಿನಗಳಲ್ಲಿ

ಕರಾವಳಿಯಲ್ಲಿ ಸಿಮೆಂಟ್ ಕೆಲಸಕ್ಕೆ ಪತ್ತನಾಜೆಯೇ ಗಡುವು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದೊಳಗೆ, ಚರಂಡಿ ಮುಗಿದಿರಬೇಕು. ಕಾರ್ಯಾದೇಶ ಮೇಯಲ್ಲಿ ಬಂದರೆ ಅವಸರದಲ್ಲಿ ಮಾಡಿಸುವ ಬದಲು ಅಕ್ಟೋಬರ್‌ವರೆಗೆ ಕಾಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಂದಾಜು ಪಟ್ಟಿಯ ಪ್ರತಿ ಕೈಯಲ್ಲಿದ್ದರೆ ಅಗಲ, ಆಳ, ಗೋಡೆಯ ದಪ್ಪವನ್ನು ಟೇಪ್ ಹಿಡಿದು ಯಾರೂ ನೋಡಬಹುದು. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಬೇಸಗೆಯಲ್ಲಿ ನೀರಿಗೆ ತತ್ವಾರವಿರುವುದರಿಂದ ಗುತ್ತಿಗೆದಾರರು ತಪ್ಪಿಸುವುದು ಇದನ್ನೇ. ನಮ್ಮಲ್ಲಿ ಎರಡು ಮನೆಯವರು ಬಾವಿಯ ನೀರು ಕೊಟ್ಟು, ಗೋಣಿಚೀಲ ಹೊದಿಸಿ ಒದ್ದೆಯಾಗಿಟ್ಟರು. ಚಪ್ಪಡಿ ಮುಚ್ಚುವ ಮೊದಲು ಮೇಲಿನ ತುದಿಯಲ್ಲಿ ನಾಲ್ಕು ಕೊಡ ನೀರು ಸುರಿಯಿರಿ. ನಮ್ಮ ಚರಂಡಿಯಲ್ಲಿ ನೀರು ಆರನೆಯ ಮನೆಯ ಗೇಟಿನವರೆಗೆ ಸಲೀಸಾಗಿ ಹೋಗಿ ಅಲ್ಲಿ ನಿಂತಿತು. ತಳದ ಇಳಿಜಾರು ಅಲ್ಲಿ ತಪ್ಪಿತ್ತು. ಮೇಸ್ತ್ರಿ ಗೊಣಗುತ್ತಲೇ ಸುಮಾರು ಮೂರು ಮೀಟರಿನಷ್ಟು ತಳವನ್ನು ಮತ್ತೆ ಮಾಡಿಕೊಟ್ಟರು. ಚಪ್ಪಡಿ ಕೂತ ಮೇಲೆ ಕೇಳಿದ್ದರೆ ಆಗುತ್ತಿರಲಿಲ್ಲ.

ಉತ್ತರ ಬಾರದಿದ್ದರೆ

ಎರಡು ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ, ಸ್ವೀಕೃತಿ ಸಂಖ್ಯೆಯನ್ನು ಉಲ್ಲೇಖಿಸಿ ಒಂದು ಜ್ಞಾಪನಾ ಪತ್ರ ಕೊಡಿ; ರಾಜ್ಯದ ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ದೂರು ದಾಖಲಿಸಬಹುದು. ಅನಂತರದ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. 30 ದಿನಗಳೊಳಗೆ ಉತ್ತರ ಬರಬೇಕು. "ಏಕೆ ಮಾಡಲಿಲ್ಲ?" ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಇಂಥ ದಿನಾಂಕದ ಇಂಥ ಸಂಖ್ಯೆಯ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ, ಈ ಸಾಲಿನ ಕ್ರಿಯಾ ಯೋಜನೆಯ ಪ್ರತಿ ಎಂದು ದಾಖಲೆಯ ಹೆಸರು ಹೇಳಿ ಕೇಳಿ. ಇದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆ.

ಕೆಲಸ ಮುಗಿದ ಮೇಲೆ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಟೆಂಡರ್ ಷರತ್ತಿನಲ್ಲಿ ನೋಡಿಕೊಂಡು, ಅದು ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನದೊಳಗೆ ಬಿರುಕು ಬಿಟ್ಟರೆ ಅಥವಾ ಚಪ್ಪಡಿ ಮುರಿದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಹಾಗಾಗಿ ಮೊದಲ ಮಳೆಗೆ ಕೊಡೆ ಹಿಡಿದು ಮತ್ತೊಮ್ಮೆ ಓಣಿಯ ತುದಿಯವರೆಗೆ ನಡೆದು ಬನ್ನಿ, ಫೋಟೊ ತೆಗೆಯಿರಿ, ದೋಷ ಕಂಡರೆ ಅದೇ ವಾರ ಟಪಾಲು ವಿಭಾಗಕ್ಕೆ ಹೋಗಿ.