‘ಫಾರ್ ಆಲ್ ಮ್ಯಾನ್‌ಕೈಂಡ್’ ಸರಣಿಯನ್ನು ಚರ್ಚಿಸುವ ಬಗೆ

2019ರಲ್ಲಿ ಆರಂಭವಾದ ಈ ಟಿವಿ ಸರಣಿಯ ಬಗ್ಗೆ ಗೆಳೆಯರೊಡನೆ ಚರ್ಚೆಗೆ ಕೂರುವ ಮುನ್ನ, ಕಥೆಯು ನಿಜವಾದ ಇತಿಹಾಸದಿಂದ ಕವಲೊಡೆಯುವ ಜಾಗವನ್ನು ಗುರುತಿಸಿಕೊಳ್ಳಬೇಕು. ತೆರೆಯ ಮೇಲೆ 1969ರ ಜೂನ್‌ನಲ್ಲಿ ಸೋವಿಯತ್ ಗಗನಯಾತ್ರಿ ಅಲೆಕ್ಸೀ ಲಿಯೊನೊವ್ ಚಂದ್ರನ ಮೇಲೆ ಮೊದಲು ಕಾಲಿಡುತ್ತಾರೆ. ಆದರೆ ಕವಲಿನ ಬೇರು ಅದಕ್ಕಿಂತ ಹಿಂದಿದೆ. ವಾಸ್ತವದಲ್ಲಿ ಸೋವಿಯತ್ ಮುಖ್ಯ ವಿನ್ಯಾಸಕ ಸೆರ್ಗೇಯ್ ಕೊರೊಲ್ಯೊವ್ 1966ರ ಜನವರಿಯಲ್ಲಿ ತೀರಿಕೊಂಡರು, ಮತ್ತು ಮೊದಲ ಹಂತದಲ್ಲಿ 30 ಎಂಜಿನ್‌ಗಳಿದ್ದ ಸೋವಿಯತ್ ಚಂದ್ರಯಾತ್ರೆಯ ರಾಕೆಟ್ ಎನ್-1 1969ರಿಂದ 1972ರವರೆಗೆ ನಡೆದ ನಾಲ್ಕೂ ಉಡಾವಣೆಗಳಲ್ಲಿ ವಿಫಲವಾಯಿತು. ಆದ್ದರಿಂದ ಸೋವಿಯತ್ ಒಕ್ಕೂಟ ಚಂದ್ರನನ್ನು ಮೊದಲು ತಲುಪಲು ಕೊರೊಲ್ಯೊವ್ ಬದುಕಿದ್ದರೆ ಸಾಕಿತ್ತೆ ಎಂಬ ಪ್ರಶ್ನೆಯಿಂದಲೇ ಮಾತು ಆರಂಭಿಸಿ. ಸಾಲುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ, ಏಕೆಂದರೆ ಆ ಎಂಜಿನ್‌ಗಳನ್ನೆಲ್ಲ ನೆಲದ ಮೇಲೆ ಒಟ್ಟಾಗಿ ಉರಿಸಿ ಪರೀಕ್ಷಿಸುವ ಕಟ್ಟೆಯನ್ನು ಕಟ್ಟದಿರುವ ನಿರ್ಧಾರ ಅವರ ಕಾಲದ್ದೇ.

ಚಂದ್ರನ ಮಂಜುಗಡ್ಡೆಯ ವಿಷಯ ಬಂದಾಗ ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿ: ಕಥೆಯಲ್ಲಿ ಅದು 1970ರ ದಶಕದ ಆರಂಭದಲ್ಲೇ ಸಿಗುತ್ತದೆ, ಆದರೆ ನಮ್ಮ ಚಂದ್ರಯಾನ-1 ಹೊತ್ತೊಯ್ದಿದ್ದ ನಾಸಾ ಉಪಕರಣ ಕಂಡುಕೊಂಡ ನೀರಿನ ಕುರುಹು ಪ್ರಕಟವಾದದ್ದು 2009ರಲ್ಲಿ. ಅಂದ ಹಾಗೆ, ಪ್ರತಿ ಸೀಸನ್‌ಗೂ ಕಥೆ ಹಲವು ವರ್ಷ ಮುಂದಕ್ಕೆ ಜಿಗಿಯುವುದರಿಂದ, ಜೊತೆಯವರು ಎಲ್ಲಿಯವರೆಗೆ ನೋಡಿದ್ದಾರೆಂದು ಮೊದಲೇ ಕೇಳಿಕೊಳ್ಳಿ.