ಬಾಟಲಿಯೊಳಗಿನ ಶ್ವಾಸಕೋಶ ಎಲ್ಲಿ ಕೈಕೊಡುತ್ತದೆ

ಉಸಿರಾಟ ಹೇಗೆ ನಡೆಯುತ್ತದೆ ಎಂದು ತೋರಿಸಲು ಬಾಟಲಿಯಲ್ಲಿ ಮಾಡುವ ಮಾದರಿಗೆ ಎರಡು ಬಲೂನು, ಕವಲು ಕೊಳವೆ ಅಂತೆಲ್ಲ ನಾನು ಹೋಗುವುದಿಲ್ಲ. ಜೋಡಣೆ ಹೆಚ್ಚಿದಷ್ಟೂ ಗಾಳಿ ಸೋರುತ್ತದೆ. ಒಂದೇ ಬಲೂನು ಸಾಕು.

1 ಲೀಟರ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ ಮೇಲಿನ ಭಾಗ ಇಟ್ಟುಕೊಳ್ಳುತ್ತೇನೆ. ಅಂಚಿಗೆ ಸುತ್ತಲೂ ಟೇಪು ಹಚ್ಚದಿದ್ದರೆ ರಬ್ಬರ್ ಹರಿಯುತ್ತದೆ. ಚಿಕ್ಕ ಬಲೂನನ್ನು ಮೂರ್ನಾಲ್ಕು ಸಲ ಊದಿ ಸಡಿಲ ಮಾಡಿ, ಕತ್ತಿನೊಳಗೆ ಇಳಿಬಿಟ್ಟು, ಅದರ ಬಾಯನ್ನು ಬಾಟಲಿಯ ಬಾಯಿಗೆ ಮಗುಚಿ ಹಾಕುತ್ತೇನೆ. ದೊಡ್ಡ ಬಲೂನಿನ ಕತ್ತು ಕತ್ತರಿಸಿ, ರಬ್ಬರಿನ ನಡುವೆ ಒಳಗಡೆ ಒಂದು ಗೋಲಿ ಇಟ್ಟು, ಹೊರಗಿನಿಂದ ದಾರ ಬಿಗಿದರೆ ಎಳೆಯಲು ಹಿಡಿ ಸಿಗುತ್ತದೆ. ಅದನ್ನು ಬಾಟಲಿಯ ತಳಕ್ಕೆ ಹೊದಿಸಿ ಟೇಪು ಸುತ್ತಿದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ತಯಾರು. ತೀರಾ ಬಿಗಿಯಾಗಿ ಹೊದಿಸಿದರೆ ಎಳೆದರೂ ಕೆಳಗಿಳಿಯದು.

ಗೋಲಿ ಹಿಡಿದು ಎಳೆದರೆ ಒಳಗಿನ ಜಾಗ ಹಿಗ್ಗಿ, ಒತ್ತಡ ಇಳಿದು, ಹೊರಗಿನ ಗಾಳಿ ಬಲೂನಿಗೆ ನುಗ್ಗುತ್ತದೆ. ಶ್ವಾಸಕೋಶ ತಾನಾಗಿ ಗಾಳಿಯನ್ನು ಎಳೆದುಕೊಳ್ಳುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಬಾಟಲಿ ತೆಳುವಾಗಿದ್ದರೆ ಎಳೆದಾಗ ಅದರ ಪಕ್ಕಗಳೇ ಒಳಗೆ ನೆಗ್ಗುತ್ತವೆ, ಬಲೂನು ಅರಳುವುದಿಲ್ಲ. ಆದರೂ ಅಂಥದ್ದೊಂದನ್ನು ನಾನು ಬೇಕೆಂದೇ ಇಟ್ಟುಕೊಂಡಿರುತ್ತೇನೆ. ಎಳೆಗೂಸಿನ ಪಕ್ಕೆಲುಬುಗಳು ಮೆತ್ತಗಿರುತ್ತವೆ. ಉಸಿರಿಗೆ ಕಷ್ಟವಾದಾಗ ಪಕ್ಕೆ ಒಳಸೇದುವುದು ಹೀಗೆಯೇ. ಇನ್ನು ಗಟ್ಟಿ ಬಾಟಲಿಯ ಪಕ್ಕಕ್ಕೆ ಕಾಯಿಸಿದ ಸೂಜಿಯಿಂದ ಒಂದು ತೂತು ಮಾಡಿ ಎಳೆದರೆ ಗಾಳಿ ಅಲ್ಲಿಂದಲೇ ಒಳಬರುತ್ತದೆ, ಬಲೂನು ಜೋತುಬಿದ್ದೇ ಇರುತ್ತದೆ. ಬೆರಳಿಟ್ಟು ತೂತು ಮುಚ್ಚಿ ಎಳೆದರೆ ಮತ್ತೆ ಅರಳುತ್ತದೆ. ಎದೆಗೆ ತೂತಾಗಿ ಗಾಳಿ ಹೊಕ್ಕರೆ ಶ್ವಾಸಕೋಶ ಕುಸಿಯುವುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಗೊತ್ತಿಲ್ಲ.

ಮಾದರಿ ಹೇಳುವ ಸುಳ್ಳುಗಳನ್ನೂ ಹೇಳಿಬಿಡಬೇಕು. ಬಲೂನಿಗೂ ಬಾಟಲಿಗೂ ನಡುವೆ ಬೊಗಸೆ ಗಾಳಿ ಇದೆ. ದೇಹದಲ್ಲಿ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಂತಿದ್ದು, ನಡುವೆ ಇರುವುದು ಕೆಲವೇ ಮಿಲಿಲೀಟರ್ ದ್ರವ. ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 5 ಸೆಂ.ಮೀ. ಎತ್ತರದ ನೀರಿನ ಒತ್ತಡದಷ್ಟು ಕಡಿಮೆ, ಉಸಿರೆಳೆದಾಗ 7–8. ಶ್ವಾಸಕೋಶದೊಳಗಿನ ಪುಟ್ಟ ಗಾಳಿಗೂಡುಗಳಲ್ಲಿ ಒತ್ತಡ ಇಳಿಯುವುದು ಬರೀ 1 ಸೆಂ.ಮೀ.; ಅಷ್ಟಕ್ಕೇ ಸುಮಾರು 2 ಸೆಕೆಂಡಿನಲ್ಲಿ ಅರ್ಧ ಲೀಟರ್ ಗಾಳಿ ಒಳಬರುತ್ತದೆ.

ರಬ್ಬರ್ ಎಳೆದಾಗ ಕೆಳಕ್ಕೆ ಉಬ್ಬುತ್ತದೆ. ನಿಜವಾದ ವಪೆ ಮೊದಲೇ ಮೇಲಕ್ಕೆ ಗುಮ್ಮಟದಂತಿದ್ದು, ಬಿಗಿದಾಗ ಚಪ್ಪಟೆಯಾಗುತ್ತದೆ: ಸಹಜ ಉಸಿರಿನಲ್ಲಿ 1–2 ಸೆಂ.ಮೀ. ಇಳಿತ. ಬಾಟಲಿಗೆ ಪಕ್ಕೆಲುಬಿನ ಚಲನೆಯೂ ಇಲ್ಲ. ಅದಕ್ಕೆ ಅಂಗೈಗಳನ್ನು ಇನ್ನೊಬ್ಬರ ಕೆಳಪಕ್ಕೆಗಳ ಮೇಲಿಟ್ಟು, ಹೆಬ್ಬೆರಳುಗಳ ತುದಿ ಅವರ ಬೆನ್ನಿನ ನಡುವೆ ತಾಗಿಸಿ, ಅವರಿಗೆ ದೀರ್ಘವಾಗಿ ಉಸಿರೆಳೆಯಲು ಹೇಳುತ್ತೇನೆ. ಹೆಬ್ಬೆರಳುಗಳು ದೂರ ಸರಿಯುತ್ತವೆ. ಎರಡೂ ಸಮನಾಗಿ ಸರಿಯದೆ ಒಂದು ಹಿಂದುಳಿದರೆ, ಆ ಬದಿಯ ಶ್ವಾಸಕೋಶಕ್ಕೆ ಗಾಳಿ ಸರಿಯಾಗಿ ಹೋಗುತ್ತಿಲ್ಲವೇ ಎಂದು ವೈದ್ಯರು ಅನುಮಾನಿಸುವುದು ಇದೇ ಪರೀಕ್ಷೆಯಿಂದ.