ರೇಡಿಯೊಗೆ ಜಿಪಿಎಸ್ ಜೋಡಿಸಿದ್ದು: ನನ್ನ ಅನುಭವ

ಬೋಟಿಗೆ ಹೊಸ ವಿಎಚ್‌ಎಫ್ ರೇಡಿಯೊ ತಂದು ಎರಡು ಸೀಸನ್ ಕಳೆದಿತ್ತು. ಚಾನೆಲ್ 16ರಲ್ಲಿ ಮಾತು ಚೆನ್ನಾಗಿ ಕೇಳುತ್ತಿತ್ತು, ಅಕ್ಕಪಕ್ಕದ ಬೋಟಿನವರ ಜೊತೆ ಮೀನಿನ ಸುದ್ದಿಯೂ ನಡೆಯುತ್ತಿತ್ತು. ಆದರೆ ಪರದೆಯಲ್ಲಿ ಬೋಟು ಎಲ್ಲಿದೆ ಎಂದು ತೋರಿಸಬೇಕಾದ ಸಾಲಿನಲ್ಲಿ ಬರೀ ಅಡ್ಡಗೆರೆಗಳು. ಅಲ್ಲಿಂದ ಒಂದು ಮೊಳ ದೂರದಲ್ಲಿ, ಅದೇ ಹಲಗೆಯ ಮೇಲೆ ಕೂತ ಜಿಪಿಎಸ್ ನಮ್ಮ ಜಾಗವನ್ನು ಹಗಲೂ ರಾತ್ರಿ ತೋರಿಸುತ್ತಲೇ ಇತ್ತು. ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಲುಪುತ್ತಿರಲಿಲ್ಲ.

ಮಲ್ಪೆಯವರಿಗೆ 2018ರ ಡಿಸೆಂಬರ್ ಮರೆತುಹೋಗುವಂಥದ್ದಲ್ಲ. ನಮ್ಮ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆ ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲತಳದಲ್ಲಿದೆ ಎಂದು ನೌಕಾಪಡೆಯಿಂದ ತಿಳಿದದ್ದು ಮರುವರ್ಷದ ಮೇ ಹೊತ್ತಿಗೆ. ಅಷ್ಟು ತಿಂಗಳೂ ಬೋಟು ಕಟ್ಟುವ ದಕ್ಕೆಯಲ್ಲಿ ನಾವು ಕೇಳುತ್ತಿದ್ದದ್ದು ಒಂದೇ ಮಾತು: ಎಲ್ಲಿ? ಆ ಮಾತು ತಲೆಯಲ್ಲಿ ಉಳಿದವನಿಗೆ ಅಡ್ಡಗೆರೆಗಳನ್ನು ನೋಡಿಕೊಂಡು ಇನ್ನೊಂದು ಸೀಸನ್ ಕಳೆಯುವುದು ಆಗಲಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧಕ್ಕೆ ಬೋಟು ಕಟ್ಟಿದ ಕೂಡಲೇ ಕೆಲಸಕ್ಕೆ ಕೂತೆ. ಐಟಿಐಯಲ್ಲಿ ವಯರಿಂಗ್ ಕಲಿತಿದ್ದೇನೆ. ಆದರೆ ಮನೆಯ ವಯರಿಂಗೇ ಬೇರೆ, ಬೋಟಿನದೇ ಬೇರೆ.

ಈ ರೇಡಿಯೊಗಳಲ್ಲಿ ಮುಚ್ಚಳದಡಿ, ಅಪಾಯದಲ್ಲಿ ಸಹಾಯಕ್ಕೆ ಕೂಗಲು ಒಂದು ಕೆಂಪು ಗುಂಡಿ ಇರುತ್ತದೆ. ಡಿಎಸ್‌ಸಿ ಎಂಬ ವ್ಯವಸ್ಥೆ ಅದು. ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಡಿಜಿಟಲ್ ಸಂಕೇತ ಹೋಗುತ್ತದೆ, ವ್ಯಾಪ್ತಿಯಲ್ಲಿರುವ ಡಿಎಸ್‌ಸಿ ರೇಡಿಯೊಗಳೆಲ್ಲ ಒಟ್ಟಿಗೆ ಕಿರುಚುತ್ತವೆ. ಬೋಟಿನ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ಆ ಸಂಕೇತದಲ್ಲಿರುತ್ತದೆ. ಭಾರತದ್ದಾದರೆ 419ರಿಂದ ಶುರು. ಯಾರು ಕಷ್ಟದಲ್ಲಿದ್ದಾರೆ ಎಂಬುದು ಅಷ್ಟರಿಂದ ತಿಳಿಯುತ್ತದೆ. ಎಲ್ಲಿ ಎಂಬುದು ತಿಳಿಯಬೇಕಾದರೆ ಜಿಪಿಎಸ್ ಜೋಡಿಸಿರಬೇಕು, ಇಲ್ಲವೇ ಅಕ್ಷಾಂಶ ರೇಖಾಂಶಗಳನ್ನು ಕೈಯಲ್ಲಿ ತುಂಬಿರಬೇಕು. ಎಂಜಿನ್ ರೂಮಿಗೆ ನೀರು ನುಗ್ಗುವಾಗ ಅಂಕಿ ಒತ್ತುತ್ತಾ ಕೂರುವ ತಾಂಡೇಲ (ಬೋಟು ನಡೆಸುವವ) ಯಾರಿದ್ದಾರೆ? ಎಂಎಂಎಸ್‌ಐ ತುಂಬುವವರಿಗೆ ಒಂದು ಮಾತು: ಬಹಳಷ್ಟು ರೇಡಿಯೊಗಳಲ್ಲಿ ಒಂದೆರಡು ಸಲ ತುಂಬಿದ ಮೇಲೆ ಅದಕ್ಕೆ ಬೀಗ ಬಿದ್ದುಬಿಡುತ್ತದೆ, ಮತ್ತೆ ನಾವೇ ಬದಲಿಸಲು ಬರುವುದಿಲ್ಲ. ಲೈಸೆನ್ಸ್‌ನಲ್ಲಿ ಕೊಟ್ಟ ಸಂಖ್ಯೆಯನ್ನೇ, ಪಕ್ಕದಲ್ಲಿ ಒಬ್ಬರು ಓದಿ ಹೇಳುತ್ತಿರುವಾಗ ತುಂಬಿ.

ಜಿಪಿಎಸ್ ಮತ್ತು ರೇಡಿಯೊ ಆಡುವ ಭಾಷೆಯ ಹೆಸರು ಎನ್‌ಎಂಇಎ 0183. ಹಳೆಯದು, ನಿಧಾನದ್ದು, ಸೆಕೆಂಡಿಗೆ 4800 ಬಿಟ್. ನಮ್ಮ ಕೆಲಸಕ್ಕೆ ಅದು ಧಾರಾಳ ಸಾಕು. ಜಿಪಿಎಸ್ ಒಂದೆರಡು ಸೆಕೆಂಡಿಗೊಮ್ಮೆ ‘ಆರ್‌ಎಂಸಿ’ ಎಂಬ ವಾಕ್ಯ ಕಳಿಸುತ್ತದೆ. ಸ್ಥಾನ, ಸಮಯ, ವೇಗ, ದಿಕ್ಕು ಎಲ್ಲವೂ ಆ ಒಂದೇ ಸಾಲಿನಲ್ಲಿ ಬರುತ್ತವೆ. ಇದಕ್ಕೆ ಬೇಕಾದದ್ದು ಎರಡೇ ವಯರ್: ಜಿಪಿಎಸ್ ‘ಕಳಿಸುವ’ ವಯರನ್ನು ರೇಡಿಯೊ ‘ಪಡೆಯುವ’ ವಯರಿಗೆ ಸೇರಿಸಬೇಕು, ಮತ್ತೊಂದು ವಯರ್ ಹಿಂದಿರುಗುವ ದಾರಿ.

ಮೊದಲ ತಪ್ಪು ಬಣ್ಣದ್ದು. ಎರಡು ಕಡೆಯೂ ಕಂದು ವಯರ್ ಇತ್ತು, ಕಂದಿಗೆ ಕಂದು ಸೇರಿಸಿದೆ. ಏನೂ ಬರಲಿಲ್ಲ. ಪುಸ್ತಕ ತೆಗೆದು ನೋಡಿದರೆ ನನ್ನ ಜಿಪಿಎಸ್‌ನಲ್ಲಿ ಕಂದು ಪಡೆಯುವುದು, ನೀಲಿ ಕಳಿಸುವುದು. ಬಣ್ಣದ ವಿಷಯದಲ್ಲಿ ಕಂಪನಿಗಳ ನಡುವೆ ಒಪ್ಪಂದವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬಣ್ಣ ಬದಲಾಗಬಹುದು. ಹೋದ ವರ್ಷ ಪಕ್ಕದ ಬೋಟಿನಲ್ಲಿ ಹೇಗೆ ಜೋಡಿಸಿದ್ದರು ಎಂಬ ನೆನಪಿಗಿಂತ ನಿಮ್ಮ ಸೆಟ್ಟಿನ ಪುಸ್ತಕವನ್ನೇ ನಂಬಿ.

ನೀಲಿ ಸೇರಿಸಿದ ಮೇಲೂ ಗೆರೆಗಳು ಹೋಗಲಿಲ್ಲ. ಎರಡು ದಿನ ತಿಂದದ್ದು ಇದೇ. ಜಿಪಿಎಸ್‌ನ ಮೆನುವಿನಲ್ಲಿ ಎನ್‌ಎಂಇಎ ಆರಿಸಿದ್ದೆ, ವೇಗ 4800 ಇತ್ತು, ಉಪಗ್ರಹಗಳೂ ಸಿಕ್ಕಿದ್ದವು. ಕೊನೆಗೆ ಮಲ್ಟಿಮೀಟರ್ ಹಿಡಿದೆ. ನೀಲಿ ವಯರಿಗೂ ಜಿಪಿಎಸ್‌ನ ಕಪ್ಪು ನೆಗೆಟಿವ್‌ಗೂ ಇಟ್ಟಾಗ ಅಂಕಿ ಆಗಾಗ ಕುಣಿಯುತ್ತಿತ್ತು. ಅಂದರೆ ಅದು ಮಾತಾಡುತ್ತಿದೆ. ಅದೇ ನೀಲಿಗೂ ರೇಡಿಯೊ ಕಡೆಯ ನೆಗೆಟಿವ್‌ಗೂ ಇಟ್ಟರೆ ತಲೆಬುಡವಿಲ್ಲದ ಅಂಕಿ. ಆಮೇಲೆ ಎರಡು ನೆಗೆಟಿವ್‌ಗಳ ನಡುವೆಯೇ ಮೀಟರ್ ಇಟ್ಟೆ. ಸೊನ್ನೆ ಬರಬೇಕಿದ್ದಲ್ಲಿ ಅಂಕಿ ತೇಲಾಡುತ್ತಿತ್ತು.

ಆಗ ಹೊಳೆಯಿತು. ನಮ್ಮ ಬೋಟಿನ ಬ್ಯಾಟರಿ 24 ವೋಲ್ಟಿನದು. ಜಿಪಿಎಸ್ 10ರಿಂದ 35 ವೋಲ್ಟಿನವರೆಗೆ ತಡೆಯುವಂಥದ್ದು, ಹಾಗಾಗಿ ನೇರ ಬ್ಯಾಟರಿಗೆ ಹಾಕಿದ್ದೆ. ರೇಡಿಯೊಗೆ 12 ವೋಲ್ಟೇ ಬೇಕು, ಅದಕ್ಕೆ ಕನ್ವರ್ಟರ್. ಆ ಕನ್ವರ್ಟರಿನ ಒಳಗೆ ಬ್ಯಾಟರಿ ಕಡೆಯ ನೆಗೆಟಿವ್‌ಗೂ ರೇಡಿಯೊ ಕಡೆಯ ನೆಗೆಟಿವ್‌ಗೂ ಸಂಬಂಧವೇ ಇಲ್ಲ, ಎರಡನ್ನೂ ಪೂರ್ತಿ ಬೇರ್ಪಡಿಸಿದ್ದಾರೆ. ನಾನು ಡೇಟಾದ ಹಿಂದಿರುಗುವ ವಯರನ್ನು ಕೈಗೆ ಹತ್ತಿರವಿದ್ದ ರೇಡಿಯೊ ನೆಗೆಟಿವ್‌ಗೆ ಬಿಗಿದಿದ್ದೆ. ಜಿಪಿಎಸ್‌ನಿಂದ ಹೊರಟ ಸಂಕೇತಕ್ಕೆ ಮರಳಿ ಬರಲು ದಾರಿಯೇ ಇರಲಿಲ್ಲ. ಆ ವಯರನ್ನು ಬಿಚ್ಚಿ ಜಿಪಿಎಸ್‌ನ ಕಪ್ಪು ವಯರಿಗೆ ಸೇರಿಸಿದೆ. ಕೈ ತೆಗೆಯುವಷ್ಟರಲ್ಲಿ ಪರದೆಯಲ್ಲಿ ಅಂಕಿಗಳು ಮೂಡಿದವು: 13 ಡಿಗ್ರಿ 20, 74 ಡಿಗ್ರಿ 42. ಕ್ಯಾಬಿನ್ ಮೇಲೆ ಮಳೆ ಬೀಳುತ್ತಿತ್ತು. ಒಬ್ಬನೇ ಕೂತು ಸುಮಾರು ಹೊತ್ತು ಅದನ್ನೇ ನೋಡಿದೆ.

ನಿಮ್ಮ ಜಿಪಿಎಸ್‌ನಲ್ಲಿ ಕಳಿಸುವುದಕ್ಕೆ ಎ ಮತ್ತು ಬಿ ಎಂದು ಎರಡು ವಯರ್ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ. ಆಗ ಎಗೆ ಎ, ಬಿಗೆ ಬಿ ಸೇರಿಸಿ. ಬಿಯನ್ನು ನೆಗೆಟಿವ್‌ಗೆ ಕಟ್ಟಬೇಡಿ.

ಜೋಡಣೆಗೆ ಟೇಪ್ ಸುತ್ತುವುದನ್ನು ನಾನು ಬಿಟ್ಟಿದ್ದೇನೆ. ಉಪ್ಪುಗಾಳಿಗೆ ತಾಮ್ರ ಒಂದೇ ಸೀಸನ್ನಿನಲ್ಲಿ ಕಿಲುಬು ಹಿಡಿಯುತ್ತದೆ. ತವರ ಲೇಪಿಸಿದ ವಯರ್ ತಂದು, ತುದಿಗಳನ್ನು ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿದೆ. ಖರ್ಚು ತುಸು ಹೆಚ್ಚಾದರೂ ಸರಿ. ಡೇಟಾ ವಯರನ್ನು ಆಂಟೆನಾದ ಕೇಬಲ್‌ನಿಂದ ದೂರ ಎಳೆದೆ. ರೇಡಿಯೊ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯ ತೋರಿಸುತ್ತಿತ್ತು, ನಮ್ಮ ಸಮಯಕ್ಕೆ ತರಲು ಅದಕ್ಕೆ ಐದೂವರೆ ಗಂಟೆ ಕೂಡಿಸಿದೆ.

ಪರೀಕ್ಷೆಗೆಂದು ಕೆಂಪು ಗುಂಡಿ ಮುಟ್ಟಬಾರದು, ಅದು ನಿಜವಾದ ಕೂಗು. ಡಿಎಸ್‌ಸಿ ಇರುವ ಇನ್ನೊಂದು ಬೋಟಿನವರಿಗೆ ಹೇಳಿ, ಅವರ ಸೆಟ್ಟಿನಿಂದ ನಮ್ಮ ಸಂಖ್ಯೆಗೆ ‘ಸ್ಥಾನ ಕೇಳುವ’ ಕರೆ ಮಾಡಿಸಿದೆ. ನಮ್ಮ ಅಂಕಿಗಳು ಅವರ ಪರದೆಯಲ್ಲಿ ಬಂದವು. ಅಂಥ ಬೋಟು ಹುಡುಕಲು ದಕ್ಕೆಯಲ್ಲಿ ಅರ್ಧ ದಿನ ತಿರುಗಬೇಕಾಯಿತು. ಡಿಎಸ್‌ಸಿ ಇಲ್ಲದ ಸೆಟ್ಟುಗಳು ನಮ್ಮಲ್ಲಿ ಇನ್ನೂ ಇವೆ. ಇದು ನನಗೆ ನೋವಿನ ವಿಷಯ. ವಿಎಚ್‌ಎಫ್ ಹೋಗುವುದು ಹೆಚ್ಚುಕಡಿಮೆ ಕಣ್ಣಳತೆಯಷ್ಟು ದೂರ. ಆಳ ಸಮುದ್ರಕ್ಕೆ ಹೋದಾಗ ದಡಕ್ಕೆ ನಮ್ಮ ಕೂಗು ಕೇಳಿಸದು, ಕೇಳಿಸಿಕೊಳ್ಳಬೇಕಾದವರು ಪಕ್ಕದಲ್ಲಿ ಬಲೆ ಎಳೆಯುತ್ತಿರುವವರೇ. ದಡದ ಮನೆಯವರು ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಂಡಿರಲಿ.

ಕೊನೆಗೆ ಒಂದು ಚೀಟಿ ಬರೆದೆ: ಯಾವ ಬಣ್ಣ ಯಾವುದಕ್ಕೆ, ಕಪ್ಪು ವಯರ್ ಎಲ್ಲಿ ಸೇರಿದೆ, ಕನ್ವರ್ಟರ್ ಎಲ್ಲಿದೆ, ಫ್ಯೂಸ್ ಎಷ್ಟರದು. ಲ್ಯಾಮಿನೇಟ್ ಮಾಡಿಸಿ ರೇಡಿಯೊ ಹಿಂದಿನ ಹಲಗೆಗೆ ಮೊಳೆ ಹೊಡೆದಿದ್ದೇನೆ. ನಾನು ದಡದಲ್ಲಿರುವ ದಿನ ಗೆರೆಗಳು ಮತ್ತೆ ಬಂದರೆ ತಾಂಡೇಲ ಅದನ್ನು ನೋಡಿಕೊಂಡು ಸರಿಮಾಡಬಹುದು.